ಒಂದು ಪೌಂಡ್ ಧಾನ್ಯದ ಲೆಕ್ಕ: ಧಾತು-ಈಶ್ವರ ಬರದಲ್ಲಿ ಕೇಳಿದ ಒಂದು ಪ್ರಶ್ನೆ

ಇಡೀ ದಿನ ಚಾಪೆ ಬಿಟ್ಟೇಳದೆ ಮಲಗಿದವನಿಗೂ ಹಸಿವಾಗುತ್ತದೆ. ಕೆಲಸ ಮಾಡಿಲ್ಲ, ನಡೆದಿಲ್ಲ, ಆದರೂ ಹೊಟ್ಟೆ ಕೇಳುತ್ತದೆ. ಏಕೆ? ಏನೂ ಮಾಡದ ಮೈ ಎಷ್ಟು ಕೇಳುತ್ತದೆ, ಕಲ್ಲು ಒಡೆಯುವ ಮೈ ಎಷ್ಟು ಕೇಳುತ್ತದೆ? ಇದು ಶಾಲೆಯ ವಿಜ್ಞಾನ ಪುಸ್ತಕದ ಪ್ರಶ್ನೆಯಂತೆ ಕಾಣಬಹುದು. ಆದರೆ 1877ರಲ್ಲಿ ನಮ್ಮ ಹಳಿಯಾಳ, ಮುಂಡಗೋಡ ಗಡಿಯಾಚೆಗಿನ ಧಾರವಾಡ ಸೀಮೆಯಲ್ಲಿ, ಬಳ್ಳಾರಿಯಲ್ಲಿ, ಬಿಜಾಪುರ ಕಡೆಯ ಕಲಾದಗಿ ಜಿಲ್ಲೆಯಲ್ಲಿ ಯಾರು ಬದುಕಬೇಕು, ಯಾರು ಸಾಯಬೇಕು ಎಂಬುದು ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿತ್ತು. ಸರ್ಕಾರ ಕೊಟ್ಟ ಉತ್ತರ ತಪ್ಪಾಗಿತ್ತು.

1876ರಲ್ಲಿ ಮಳೆ ಕೈಕೊಟ್ಟಿತು. ಆ ವರ್ಷ ಧಾತು ಸಂವತ್ಸರ, ಮರುವರ್ಷ ಈಶ್ವರ. ಹಳೇ ಮೈಸೂರಿನ ಕಡೆ ಅಜ್ಜಂದಿರು ಈಗಲೂ ‘ಧಾತು-ಈಶ್ವರ ಬರ’ ಎನ್ನುವುದು ಇದಕ್ಕೇ. ಮದರಾಸು ಪ್ರಾಂತ, ಮೈಸೂರು, ಹೈದರಾಬಾದು, ಮುಂಬೈ ಪ್ರಾಂತದ ದಕ್ಷಿಣ ಜಿಲ್ಲೆಗಳು ಎಲ್ಲವೂ ಸಿಕ್ಕಿಕೊಂಡವು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷ ಇದ್ದದ್ದು 1881ಕ್ಕೆ 41.9 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಸಂಖ್ಯೆ ಎಂಟು ಲಕ್ಷಕ್ಕೂ ಮಿಕ್ಕಿ ಕುಗ್ಗಿದೆ ಎಂದರೆ ಸತ್ತವರು ಅದಕ್ಕಿಂತ ಹೆಚ್ಚು ಎಂದೇ ಅರ್ಥ. ಧಾರವಾಡ ಜಿಲ್ಲೆ ಸುಮಾರು 9.9 ಲಕ್ಷದಿಂದ 8.8 ಲಕ್ಷಕ್ಕೆ ಬಂತು.

ಕಾಡಿನ ಈಚೆಗೆ ಲೆಕ್ಕ ಬೇರೆ. ಕುಳಗಿ, ಸೂಪಾ, ಹಳಿಯಾಳ ಎಲ್ಲ ಸೇರಿದ ಆಗಿನ ಕೆನರಾ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬೈ ಪ್ರಾಂತಕ್ಕೆ ಬಂದಿತ್ತು. ಇಲ್ಲಿ ಅದೇ ಹತ್ತು ವರ್ಷದಲ್ಲಿ ಜನಸಂಖ್ಯೆ ಸ್ವಲ್ಪ ಏರಿದೆ, ಸುಮಾರು 4 ಲಕ್ಷದಿಂದ 4.2 ಲಕ್ಷಕ್ಕೆ. ಘಟ್ಟದ ಮಳೆ, ಕರಾವಳಿಯ ಮೀನು, ಕಾಡಿನ ಗೆಡ್ಡೆ-ಗೆಣಸು ಇದ್ದ ನೆಲ ಇದು. ಜೋಯಿಡಾದಲ್ಲಿ ಗೆಡ್ಡೆ-ಗೆಣಸು ಮೇಳ ನೋಡಿದವರಿಗೆ, ಅಲ್ಲಿ ಕುಣಬಿ ಹೆಂಗಸರು ಸಾಲಾಗಿ ಇಡುವ ಗೆಡ್ಡೆಗಳ ಗಾತ್ರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. (ಬರ ಇನ್ನೂ ಮುಗಿಯುವ ಮೊದಲೇ, 1878ರಲ್ಲಿ, ಕಾಡನ್ನು ಬೇಲಿ ಹಾಕಿದಂತೆ ಮುಚ್ಚುವ ಅರಣ್ಯ ಕಾಯ್ದೆಯೂ ಬಂತು ಎಂಬುದನ್ನು ಮರೆಯುವ ಹಾಗಿಲ್ಲ. ಅದರ ಕಥೆ ಇನ್ನೊಮ್ಮೆ.)

ಬಯಲುಸೀಮೆಯಲ್ಲಿ ಮಾತ್ರ ಜನ ಪರಿಹಾರ ಕಾಮಗಾರಿಗೆ ಹೊರಟರು. ಕೆರೆ ಅಗೆಯುವುದು, ರಸ್ತೆಗೆ ಜಲ್ಲಿ ಒಡೆಯುವುದು, ಮಣ್ಣು ಹೊರುವುದು. ಅದಕ್ಕೆ ಕೂಲಿ. ಕೂಲಿ ಎಷ್ಟು ಕೊಡಬೇಕು?

ವೈಸರಾಯ್ ಲಿಟ್ಟನ್ 1877ರ ಜನವರಿಯಲ್ಲಿ ಇದನ್ನು ತೀರ್ಮಾನಿಸಲು ಕಳಿಸಿದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್. ಈತ ಕ್ರೂರಿ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ, ಆದರೆ ಕಥೆ ಅಷ್ಟು ನೇರವಾಗಿಲ್ಲ. ಮೂರು ವರ್ಷ ಹಿಂದೆ, 1874ರ ಬಿಹಾರ ಬರದಲ್ಲಿ, ಇದೇ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದ. ಸಾವು ಬಹಳ ಕಡಿಮೆಯಾಯಿತು. ಅದಕ್ಕೆ ಸಿಕ್ಕ ಬಹುಮಾನ ಏನೆಂದರೆ ದುಂದುವೆಚ್ಚ ಮಾಡಿದ ಎಂಬ ಬೈಗುಳ. ಈ ಸಲ ಆತ ತಾನು ಮಿತವ್ಯಯಿ ಎಂದು ತೋರಿಸಲು ಹೊರಟ. ಅಧಿಕಾರಿಗೆ ತನ್ನ ಹೆಸರು ತೊಳೆದುಕೊಳ್ಳುವ ತುರ್ತು ಬಂದರೆ ಕೆಳಗಿನವರ ಗತಿ ಏನಾಗುತ್ತದೆ ಎಂಬುದನ್ನು ನಾವು ತಾಲೂಕು ಕಚೇರಿಗಳಲ್ಲೂ ನೋಡಿದ್ದೇವೆ.

ಟೆಂಪಲ್ ನಿಗದಿ ಮಾಡಿದ್ದು ಗಂಡಾಳಿಗೆ ದಿನಕ್ಕೆ 1 ಪೌಂಡ್ ಧಾನ್ಯ, ಮೇಲೆ ಒಂದಿಷ್ಟು ಚಿಲ್ಲರೆ ಕಾಸು. ಪೌಂಡ್ ಎಂದರೆ ಸುಮಾರು 454 ಗ್ರಾಂ. ಅದಕ್ಕೂ ಮೊದಲು ಸಿಗುತ್ತಿದ್ದದ್ದು ಒಂದೂವರೆ ಪೌಂಡಿನಷ್ಟು. ಹೆಣ್ಣಾಳಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಇದನ್ನು ಆತ ಪರೀಕ್ಷೆಗಾಗಿ ಎಂದೇ ಶುರುಮಾಡಿದ. ಯಾರ ಮೈ ಮೇಲೆ ಪರೀಕ್ಷೆ ಎಂದು ಹೇಳಬೇಕಿಲ್ಲ.

ಎದುರು ನಿಂತವರು ಮದರಾಸು ಪ್ರಾಂತದ ಸ್ವಚ್ಛತಾ ಆಯುಕ್ತ, ಡಾಕ್ಟರ್ ಡಬ್ಲ್ಯೂ.ಆರ್. ಕಾರ್ನಿಶ್. ಅವರೂ ಬ್ರಿಟಿಷ್ ಅಧಿಕಾರಿಯೇ. ದುಡಿಯುವ ಮೈಗೆ ಇಷ್ಟು ಸಾಲದು, ಜೈಲಿನ ಕೈದಿಗೂ ಇದಕ್ಕಿಂತ ಹೆಚ್ಚು ಕೊಡುತ್ತೇವೆ, ಬೇಳೆ-ಕಾಳು ಸೇರಿಸಲೇಬೇಕು ಎಂದು ಅವರು ಬರೆದರು. ಟೆಂಪಲ್‌ಗೆ ಉತ್ತರವಾಗಿ ಒಂದು ಪುಸ್ತಿಕೆಯನ್ನೇ ಅಚ್ಚು ಹಾಕಿಸಿದರು. ಶಿಬಿರಗಳ ಸಾವಿನ ಲೆಕ್ಕ ತಂದು ಮುಂದಿಟ್ಟರು.

ಆ ಹೊತ್ತಿಗೆ ಜಗತ್ತಿಗೆ ಈ ವಿಷಯದಲ್ಲಿ ಏನು ಗೊತ್ತಿತ್ತು? ಅರ್ಧ ಗೊತ್ತಿತ್ತು.

ಫ್ರಾನ್ಸಿನ ಲವಾಸಿಯೇ 1780ರ ದಶಕದಲ್ಲೇ ಉಸಿರಾಟ ಎಂದರೆ ಒಂದು ನಿಧಾನದ ಉರಿ ಎಂದು ತೋರಿಸಿದ್ದ. ಗಿನಿಹಂದಿಯನ್ನು ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಕೂರಿಸಿ, ಅದರ ಮೈ ಬಿಸಿಗೆ ಎಷ್ಟು ಮಂಜು ಕರಗಿತು, ಅದು ಎಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟಿತು ಎಂದು ಅಳೆದ. ಇದ್ದಿಲು ಉರಿದಾಗ ಬರುವ ಲೆಕ್ಕಕ್ಕೆ ಅದು ಹೆಚ್ಚುಕಡಿಮೆ ತಾಳೆಯಾಯಿತು. ಮುಂದೆ ತನ್ನ ಜೊತೆಗಾರ ಸೆಗ್ಯಾನ್‌ನನ್ನೇ ಕೂರಿಸಿ, ಮನುಷ್ಯ ಕೆಲಸ ಮಾಡುವಾಗ ಹೆಚ್ಚು ಆಮ್ಲಜನಕ ಎಳೆಯುತ್ತಾನೆ ಎಂದು ಕಂಡುಕೊಂಡ. ಆ ಬರಹದಲ್ಲೇ ಲವಾಸಿಯೇ ಒಂದು ಮಾತು ಸೇರಿಸಿದ್ದ: ಹೆಚ್ಚು ಉರಿಸುವುದು ಮೈಮುರಿದು ದುಡಿಯುವ ಬಡವ, ಹೆಚ್ಚು ತಿನ್ನಲು ಸಿಗುವುದು ಕೂತು ಉಣ್ಣುವ ಧನಿಕನಿಗೆ. 1877ರಲ್ಲಿ ಟೆಂಪಲ್ ಇದನ್ನು ಓದಿರಲಿಲ್ಲವೋ, ಓದಿಯೂ ಬಿಟ್ಟರೋ.

ಆದರೆ ಉರಿ ಎಲ್ಲಿ? ಲವಾಸಿಯೇ ಶ್ವಾಸಕೋಶದಲ್ಲಿ ಎಂದುಕೊಂಡಿದ್ದ. ರಕ್ತದಲ್ಲಿ ಎಂದರು ಇನ್ನು ಕೆಲವರು. ಉಸಿರಾಟ ನಡೆಯುವುದು ಮೈಯ ಒಂದೊಂದು ಜೀವಕೋಶದ ಒಳಗೆ ಎಂದು ಜರ್ಮನಿಯ ಫ್ಲೂಗರ್ ಖಚಿತವಾಗಿ ಹೇಳಿದ್ದು 1870ರ ದಶಕದಲ್ಲಿ, ನಮ್ಮಲ್ಲಿ ಬರ ಬೀಳುವ ಆಸುಪಾಸಿನಲ್ಲಿ.

ಇನ್ನೊಂದು ಗೊಂದಲ: ಉರುವಲು ಯಾವುದು? ದೊಡ್ಡ ಹೆಸರಿನ ರಸಾಯನಶಾಸ್ತ್ರಿ ಲೀಬಿಗ್, ದುಡಿಯುವಾಗ ಸವೆಯುವುದು ಸ್ನಾಯುವಿನ ಪ್ರೋಟೀನೇ, ಅನ್ನ-ಎಣ್ಣೆ ಎಲ್ಲ ಬರೀ ಮೈ ಬೆಚ್ಚಗಿಡಲು ಎಂದಿದ್ದ. 1865ರಲ್ಲಿ ಫಿಕ್ ಮತ್ತು ವಿಸ್ಲಿಸೇನಸ್ ಎಂಬ ಇಬ್ಬರು ಸ್ವಿಟ್ಜರ್ಲೆಂಡಿನ ಫಾಲ್‌ಹಾರ್ನ್ ಬೆಟ್ಟವನ್ನು ಪ್ರೋಟೀನ್ ಇಲ್ಲದ ಊಟ ಮಾಡಿ ಹತ್ತಿದರು. ದಾರಿಯುದ್ದಕ್ಕೂ ಮೂತ್ರ ಹಿಡಿದಿಟ್ಟು ಅದರಲ್ಲಿನ ಸಾರಜನಕ ಅಳೆದರು. ಅವರು ಸವೆಸಿದ ಪ್ರೋಟೀನು ಆ ಬೆಟ್ಟ ಹತ್ತಲು ಏನೇನೂ ಸಾಲದಾಗಿತ್ತು. ಅಂದರೆ ಪಿಷ್ಟ, ಕೊಬ್ಬುಗಳೇ ದುಡಿಮೆಯ ಉರುವಲು. ಆದರೂ ಲೀಬಿಗ್‌ನ ಮಾತು ವೈದ್ಯರ ತಲೆಯಿಂದ ಬೇಗ ಹೋಗಲಿಲ್ಲ. ಕಾರ್ನಿಶ್ ಕೂಡ ಬೇಳೆಯ ಮೇಲೆ ಅಷ್ಟು ಒತ್ತು ಕೊಟ್ಟದ್ದರ ಹಿಂದೆ ಆ ಕಾಲದ ಈ ನಂಬಿಕೆಯ ನೆರಳಿದೆ ಎಂದು ನಮಗೆ ಅನಿಸುತ್ತದೆ. ಹಾಗಂತ ಅವರ ತೀರ್ಮಾನ ತಪ್ಪಾಗಲಿಲ್ಲ. ತಕ್ಕಡಿ ಮತ್ತು ಸಾವಿನ ಪಟ್ಟಿ ಅವರ ಕೈಯಲ್ಲಿದ್ದವು. ಸಿದ್ಧಾಂತ ಅರೆಬೆಂದದ್ದು, ಸಾಕ್ಷಿ ಗಟ್ಟಿ. ಟೆಂಪಲ್ ಬಳಿ ಎರಡೂ ಇರಲಿಲ್ಲ, ಅಧಿಕಾರ ಇತ್ತು.

ಈಗ ನಮಗೆ ಗೊತ್ತಿರುವುದನ್ನು ಇಟ್ಟು ಆ ಒಂದು ಪೌಂಡಿನ ಲೆಕ್ಕ ಹಾಕೋಣ. ಇದು ನಾವು ಹಾಕಿದ ಲೆಕ್ಕ, ನೀವೂ ಮೊಬೈಲಿನಲ್ಲೇ ಹಾಕಬಹುದು. 100 ಗ್ರಾಂ ಅಕ್ಕಿ ಅಥವಾ ಜೋಳದಲ್ಲಿ ಸುಮಾರು 350 ಕಿಲೊಕ್ಯಾಲರಿ. 454 ಗ್ರಾಂ ಎಂದರೆ ಸುಮಾರು 1,600. ಅದೂ ಹುಳ ಹಿಡಿಯದ, ಕಲ್ಲು ಬೆರೆಸದ, ತೂಕದಲ್ಲಿ ಕದಿಯದ ಧಾನ್ಯವಾದರೆ.

50 ಕೆ.ಜಿ. ತೂಕದ ಆಳು ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 1,300 ಕಿಲೊಕ್ಯಾಲರಿ ಉರಿಸುತ್ತಾನೆ. ಅಷ್ಟು ಶಾಖದಲ್ಲಿ ಹದಿನೇಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಉಳಿದದ್ದು 300. ಅದರಲ್ಲಿ ಶಿಬಿರಕ್ಕೆ ನಡೆಯಬೇಕು, ದಿನವಿಡೀ ಕಲ್ಲು ಒಡೆಯಬೇಕು, ಮತ್ತೆ ಗುಡಿಸಲಿಗೆ ಬರಬೇಕು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಕಾರ 65 ಕೆ.ಜಿ.ಯ ಗಂಡಾಳು ಕಠಿಣ ದುಡಿಮೆ ಮಾಡಿದರೆ ದಿನಕ್ಕೆ 3,470 ಕಿಲೊಕ್ಯಾಲರಿ ಬೇಕು. ಮೈ ಸಣ್ಣದೆಂದು 50 ಕೆ.ಜಿ.ಗೆ ಇಳಿಸಿದರೂ 2,600ರ ಮೇಲೆಯೇ. ಅಂದರೆ ದಿನಕ್ಕೆ 1,000ದ ಸಾಲ. ಸಾಲವನ್ನು ಮೈಯೇ ತೀರಿಸಬೇಕು.

ಮಲಗಿದ ಮೈ 1,300 ಉರಿಸಿ ಏನು ಮಾಡುತ್ತದೆ ಎಂಬ ಮೊದಲ ಪ್ರಶ್ನೆಗೆ ಉತ್ತರ ಸಿಗಲು ಬರದ ನಂತರ ಇನ್ನೂ ನೂರು ವರ್ಷ ಬೇಕಾಯಿತು. ಆ ಉತ್ತರ ಅರ್ಥವಾಗಬೇಕಾದರೆ ಕುಳಗಿಯಿಂದ ಅಂಬಿಕಾನಗರದ ದಾರಿ ಹಿಡಿಯುವುದೇ ಒಳ್ಳೆಯದು.

ಕುಳಗಿಯ ಹೆಸರು ಕೇಳಿದರೆ ಹೊರಗಿನವರಿಗೆ ಅರಣ್ಯ ಇಲಾಖೆಯ ನಿಸರ್ಗ ಶಿಬಿರ ನೆನಪಾಗುತ್ತದೆ. ಅದೇ ರಸ್ತೆಯಲ್ಲಿ ಮುಂದೆ ಅಂಬಿಕಾನಗರ, ಅದರ ಕೆಳಗೆ ಕಣಿವೆಯಲ್ಲಿ ನಾಗಝರಿ ವಿದ್ಯುದಾಗಾರ. ಗಣೇಶಗುಡಿಯ ಹತ್ತಿರ ಸೂಪಾದಲ್ಲಿ ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು, ಕೆಳಗೆ ಬೊಮ್ಮನಹಳ್ಳಿಯಲ್ಲಿ ಇನ್ನೊಂದು ಜಲಾಶಯ. ಅಲ್ಲಿಂದ ಸುರಂಗದಲ್ಲಿ ಹೋದ ನೀರು ಎತ್ತರದಿಂದ ಧುಮುಕಿ ಟರ್ಬೈನ್ ತಿರುಗಿಸುತ್ತದೆ. ಹಳೇ ಸೂಪಾ ಊರು ಮುಳುಗಿ, ಜನ ರಾಮನಗರಕ್ಕೆ ಹೋಗಿ ಈ ಬೆಳಕು ಬಂದದ್ದು ಎಂಬುದನ್ನು ಇಲ್ಲಿಯವರು ಯಾರೂ ಮರೆತಿಲ್ಲ.

ನಮ್ಮ ಪ್ರತಿ ಜೀವಕೋಶದೊಳಗೆ ಹೆಚ್ಚುಕಡಿಮೆ ಇದೇ ವ್ಯವಸ್ಥೆ ಇದೆ. ಮೈಟೊಕಾಂಡ್ರಿಯ ಎಂಬ ಸಣ್ಣ ಚೀಲಗಳು, ಅವುಗಳೊಳಗೆ ಮಡಿಕೆ ಮಡಿಕೆಯಾದ ಪೊರೆ. ಆ ಪೊರೆಯೇ ಅಣೆಕಟ್ಟು. ನಾವು ತಿಂದ ಅನ್ನ ಗ್ಲೂಕೋಸಾಗಿ, ಅದು ಹಂತಹಂತವಾಗಿ ಒಡೆದು, ಅದರಿಂದ ಕಿತ್ತುಕೊಂಡ ಎಲೆಕ್ಟ್ರಾನುಗಳು ಪೊರೆಯಲ್ಲಿ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತವೆ. ದಾಟುವಾಗ ಬಿಡುಗಡೆಯಾಗುವ ಶಕ್ತಿ ಪ್ರೋಟಾನ್ ಎಂಬ ಕಣಗಳನ್ನು ಪಂಪಿನಂತೆ ಎತ್ತಿ ಪೊರೆಯ ಆಚೆ ತುಂಬುತ್ತದೆ. ಸೂಪಾಕ್ಕೆ ಮಳೆ ಹೇಗೋ ಇಲ್ಲಿ ಅನ್ನ ಹಾಗೆ. ತುಂಬಿ ನಿಂತ ಪ್ರೋಟಾನುಗಳು ಕೆಳಗಿಳಿಯಲು ಮುಖ್ಯ ದಾರಿ, ಪೊರೆಯಲ್ಲಿ ನಾಟಿದ ಒಂದು ಅತಿ ಸಣ್ಣ ಟರ್ಬೈನ್. ಇದು ಹೋಲಿಕೆಗೆ ಹೇಳುವ ಮಾತೂ ಅಲ್ಲ, ಅದು ನಿಜವಾಗಿಯೂ ಗರಗರ ತಿರುಗುತ್ತದೆ. ತಿರುಗಿದಾಗ ಎಟಿಪಿ ಎಂಬ ಅಣು ತಯಾರಾಗುತ್ತದೆ. ಹೃದಯ ಬಡಿಯಲು, ಮಿದುಳು ಯೋಚಿಸಲು, ಹಾರೆ ಎತ್ತಲು ಎಲ್ಲಕ್ಕೂ ಕೈಗೆ ಸಿಗುವ ಚಿಲ್ಲರೆ ಹಣ ಅದು. ಕೊನೆಯಲ್ಲಿ ಸುಸ್ತಾದ ಎಲೆಕ್ಟ್ರಾನುಗಳನ್ನು ಹಿಡಿದುಕೊಳ್ಳಲು ಒಬ್ಬರು ಬೇಕು, ಅದೇ ಆಮ್ಲಜನಕ. ನಾವು ಉಸಿರೆಳೆಯುವುದು ಅದಕ್ಕಾಗಿ.

ಉಸಿರು ಸಾಲದೆ ಹೋದರೆ? ಜೋರಾಗಿ ಓಡಿದಾಗ ಸ್ನಾಯುವಿಗೆ ಆಮ್ಲಜನಕ ಸಾಕಾಗುವುದಿಲ್ಲ. ಆಗ ಗ್ಲೂಕೋಸ್ ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲದಲ್ಲಿ ನಿಲ್ಲುತ್ತದೆ. ಮಣ್ಣು ಮುಚ್ಚಿ ಇದ್ದಿಲು ಸುಡುವುದನ್ನು ನೋಡಿದವರಿಗೆ ಇದು ಗೊತ್ತು. ಗಾಳಿ ಕಟ್ಟಿದರೆ ಕಟ್ಟಿಗೆ ಪೂರಾ ಉರಿಯದೆ, ಇನ್ನೂ ಉರಿಯಬಲ್ಲ ಇದ್ದಿಲಾಗಿ ಉಳಿಯುತ್ತದೆ.

ನಮ್ಮ ಮೈಯಲ್ಲಿ ಯಾವ ಕ್ಷಣಕ್ಕೆ ನೋಡಿದರೂ ಇರುವ ಎಟಿಪಿ ನೂರು ಗ್ರಾಂ ಒಳಗೆ. ಆದರೆ ಅದೇ ಮತ್ತೆ ಮತ್ತೆ ಖರ್ಚಾಗಿ, ಮತ್ತೆ ಮತ್ತೆ ತುಂಬಿ, ಒಂದು ದಿನದಲ್ಲಿ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟು ಎಟಿಪಿ ಓಡಾಡುತ್ತದೆ. ಮಲಗಿದವನೊಳಗೂ ಈ ಟರ್ಬೈನುಗಳು ನಿಲ್ಲುವುದಿಲ್ಲ. 1,300ರಲ್ಲಿ ಐದನೇ ಒಂದು ಪಾಲು ಮಿದುಳಿಗೇ ಹೋಗುತ್ತದೆ. ಉಳಿದದ್ದರಲ್ಲಿ ಹೃದಯ, ಯಕೃತ್ತು, ಮೂತ್ರಪಿಂಡಗಳ ಪಾಲು ದೊಡ್ಡದು. ಇವು ಯಾವುವೂ ‘ಇವತ್ತು ರಜೆ’ ಎನ್ನುವ ಹಾಗಿಲ್ಲ.

ಈ ಚಿತ್ರವನ್ನು ಒಬ್ಬನೇ ಬಿಡಿಸಲಿಲ್ಲ. ಎಟಿಪಿ ಸಿಕ್ಕಿದ್ದು 1929ರಲ್ಲಿ, ಜರ್ಮನಿಯಲ್ಲಿ ಲೋಮನ್‌ಗೆ, ಅದೇ ಕಾಲಕ್ಕೆ ಅಮೆರಿಕದ ಹಾರ್ವರ್ಡಿನಲ್ಲಿ ಫಿಸ್ಕ್ ಮತ್ತು ಯೆಲ್ಲಾಪ್ರಗಡ ಸುಬ್ಬರಾವ್‌ಗೆ. ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ ಆಂಧ್ರದ ಭೀಮಾವರದಲ್ಲಿ. ಅವರ ಇಬ್ಬರು ಸಹೋದರರು ಸ್ಪ್ರೂ ರೋಗದಿಂದ ತೀರಿಕೊಂಡಿದ್ದರು. ತಿಂದದ್ದು ಮೈಗೆ ಹತ್ತದ ಕಾಯಿಲೆ ಅದು. 1937ರಲ್ಲಿ ಹಾನ್ಸ್ ಕ್ರೆಬ್ಸ್, ಪಾರಿವಾಳದ ಎದೆಯ ಸ್ನಾಯು ಇಟ್ಟುಕೊಂಡು, ಅನ್ನದ ಕೊನೆಯ ತುಣುಕು ಹೇಗೆ ಒಂದು ಚಕ್ರದಲ್ಲಿ ಸುತ್ತುತ್ತಾ ಕರಗುತ್ತದೆ ಎಂದು ತೋರಿಸಿದ. ‘ನೇಚರ್’ ಪತ್ರಿಕೆ ಆ ಲೇಖನವನ್ನು ವಾಪಸ್ ಕಳಿಸಿತ್ತು. ಲೇಖನ ವಾಪಸ್ ಬಂದು ಬೇಸರವಾದ ಗೆಳೆಯರಿಗೆ ನಾವು ಇದನ್ನೇ ಹೇಳುವುದು. ಪೊರೆಯ ಅಣೆಕಟ್ಟಿನ ವಿಚಾರವನ್ನು ಇಂಗ್ಲೆಂಡಿನ ಪೀಟರ್ ಮಿಚೆಲ್ 1961ರಲ್ಲಿ ಮುಂದಿಟ್ಟಾಗ ಬಹಳ ಜನ ಒಪ್ಪಲಿಲ್ಲ. ನೊಬೆಲ್ ಬಂದದ್ದು 1978ರಲ್ಲಿ, ನಾಗಝರಿ ಇನ್ನೇನು ತಿರುಗಲು ಸಿದ್ಧವಾಗುತ್ತಿದ್ದ ಹೊತ್ತಿಗೆ. ಪೊರೆಯಲ್ಲಿ ಎಲೆಕ್ಟ್ರಾನು ಹೊತ್ತು ಸಾಗಿಸುವ ಕೋಎಂಜೈಮ್ ಕ್ಯೂ ಎಂಬ ಕೂಲಿಯಾಳಿನ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ರಾಮಶರ್ಮ ಮತ್ತು ಅವರ ಶಿಷ್ಯರು ವರ್ಷಗಟ್ಟಲೆ ಕೆಲಸ ಮಾಡಿದರು.

ಈಗ ಅಣೆಕಟ್ಟಿಗೆ ಮಳೆ ನಿಂತರೆ ಏನಾಗುತ್ತದೆ ನೋಡೋಣ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಒಂದು ದಿನಕ್ಕೆಲ್ಲ ಮುಗಿಯುತ್ತದೆ. ಆಮೇಲೆ ಕೊಬ್ಬು. ಆದರೆ ಮಿದುಳಿಗೆ ಗ್ಲೂಕೋಸ್ ಬೇಕು, ಕೊಬ್ಬಿನಿಂದ ಅದನ್ನು ಹೆಚ್ಚು ಮಾಡಲಾಗದು. ಹಾಗಾಗಿ ಮೈ ತನ್ನದೇ ಸ್ನಾಯು ಒಡೆದು ಗ್ಲೂಕೋಸ್ ಮಾಡಿಕೊಳ್ಳುತ್ತದೆ. ದಿನ ಕಳೆದಂತೆ ಮಿದುಳು ಕೊಬ್ಬಿನಿಂದ ಬಂದ ಕೀಟೋನ್‌ಗಳಿಗೆ ಹೊಂದಿಕೊಂಡು ಸ್ನಾಯುವನ್ನು ಸ್ವಲ್ಪ ಉಳಿಸುತ್ತದೆ. ಉರಿಯನ್ನೇ ಸಣ್ಣ ಮಾಡುತ್ತದೆ. ನಾಡಿ ನಿಧಾನ, ಮೈ ತಣ್ಣಗೆ, ಮನಸ್ಸು ಮಂಕು. ಇಂಥವರನ್ನು ನೋಡಿ ಮೇಲ್ವಿಚಾರಕರು ‘ಸೋಮಾರಿ’ ಎನ್ನುತ್ತಾರೆ. ಕೊಬ್ಬೂ ತೀರಿದ ಮೇಲೆ ಮತ್ತೆ ಸ್ನಾಯುವಿನ ಸರದಿ. ಕೈಕಾಲಿನದು, ಆಮೇಲೆ ಉಸಿರಾಡಿಸುವ ಸ್ನಾಯು, ಹೃದಯ. ಕರುಳಿನ ಗೋಡೆ ತೆಳುವಾಗಿ ಭೇದಿ ಹಿಡಿಯುತ್ತದೆ. ಸಾವಿನ ಪಟ್ಟಿಯಲ್ಲಿ ಆಗ ‘ಭೇದಿ’ ಎಂದೋ ‘ಕಾಲರಾ’ ಎಂದೋ ಬರೆಯುತ್ತಾರೆ, ಹಸಿವು ಎಂದು ಬರೆಯುವುದಿಲ್ಲ.

ಇದನ್ನು ನಾವು ಊಹಿಸಿ ಬರೆಯುತ್ತಿಲ್ಲ. ಮದರಾಸಿನ ಪರಿಹಾರ ಶಿಬಿರವೊಂದರ ವೈದ್ಯ ಅಲೆಕ್ಸಾಂಡರ್ ಪೋರ್ಟರ್ ಆ ಬರದಲ್ಲಿ ಸತ್ತ ನೂರಾರು ಜನರ ಶವಪರೀಕ್ಷೆ ಮಾಡಿ, ಹೃದಯ, ಯಕೃತ್ತು ಇವನ್ನೆಲ್ಲ ತೂಗಿ, 1889ರಲ್ಲಿ ಪುಸ್ತಕ ಮಾಡಿದ. ಆ ಪುಸ್ತಕವನ್ನು ಮುಂದೆ ಅಮೆರಿಕದಲ್ಲಿ ಒಬ್ಬ ಓದಿದ, ಆನ್ಸೆಲ್ ಕೀಸ್. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಯುರೋಪಿನ ಹಸಿದ ಜನರಿಗೆ ಹೇಗೆ ಉಣಿಸಬೇಕು ಎಂದು ತಿಳಿಯಲು ಕೀಸ್ ಮಿನ್ನೆಸೋಟದಲ್ಲಿ 36 ಸ್ವಯಂಸೇವಕರನ್ನು ಸೇರಿಸಿದ. ಯುದ್ಧಕ್ಕೆ ಹೋಗಲು ಒಪ್ಪದ ಯುವಕರು ಅವರು. 24 ವಾರ ಅವರಿಗೆ ದಿನಕ್ಕೆ ಸರಾಸರಿ 1,570 ಕಿಲೊಕ್ಯಾಲರಿ ಊಟ.

ಆ ಅಂಕಿ ನೋಡಿ ನಾವು ಲೆಕ್ಕ ಮತ್ತೆ ಮಾಡಿದೆವು. ಟೆಂಪಲ್‌ನ ಪೌಂಡಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಒಂದರಲ್ಲಿ ಬೇಕೆಂದೇ ಉಪವಾಸ ಕೆಡವಿ ನೋಡುವ ಪ್ರಯೋಗ, ಇನ್ನೊಂದರಲ್ಲಿ ಪರಿಹಾರ. ಅಮೆರಿಕದ ಆ ಹುಡುಗರು ಎತ್ತರದವರು, ಅವರ ಮೈಗೆ ಹೆಚ್ಚು ಬೇಕಿತ್ತು ಎಂಬುದನ್ನು ಒಪ್ಪಬೇಕು. ಆದರೆ ಅವರು ಚೆನ್ನಾಗಿ ಉಂಡು ಬಂದವರು, ಕಲ್ಲು ಒಡೆಯುತ್ತಿರಲಿಲ್ಲ, ಮಂಚದ ಮೇಲೆ ಮಲಗುತ್ತಿದ್ದರು, ವೈದ್ಯರು ದಿನವೂ ನೋಡುತ್ತಿದ್ದರು. ಅಷ್ಟಿದ್ದೂ ತೂಕದಲ್ಲಿ ಕಾಲು ಭಾಗ ಕಳೆದುಕೊಂಡರು. ಮಲಗಿದಾಗ ಉರಿಯುವ ಶಕ್ತಿ ಶೇ 40ರಷ್ಟು ಕುಸಿಯಿತು. ಮೆಟ್ಟಿಲು ಹತ್ತುವುದೇ ಕಷ್ಟವಾಯಿತು.

ನಮ್ಮ ಕಡೆಯ ಜನ ಪ್ರಯೋಗಾಲಯಕ್ಕೆ ಕಾಯಲಿಲ್ಲ. ಮುಂಬೈ ಪ್ರಾಂತದಲ್ಲಿ ಕೂಲಿ ಇಳಿಸಿದ ಕೂಡಲೇ ಪರಿಹಾರ ಕಾಮಗಾರಿ ಬಿಟ್ಟು ಹೊರನಡೆದವರು ಲಕ್ಷದಷ್ಟು. ಪುಣೆಯ ಸಾರ್ವಜನಿಕ ಸಭೆ ಅವರ ಪರ ಅರ್ಜಿ ಮೇಲೆ ಅರ್ಜಿ ಬರೆಯಿತು. 1877ರ ಮೇ ತಿಂಗಳಲ್ಲಿ ಮದರಾಸು ಸರ್ಕಾರ ಕೂಲಿ ಏರಿಸಿತು. ಕಾರ್ನಿಶ್ ಗೆದ್ದರು ಎನ್ನಬಹುದು, ಗೆಲುವು ನೋಡಲು ಎಷ್ಟು ಜನ ಉಳಿದಿದ್ದರು ಎಂಬುದು ಬೇರೆ ಮಾತು. ಏಪ್ರಿಲ್ ಕೊನೆಗೆ ಟೆಂಪಲ್‌ಗೆ ಬಡ್ತಿ ಸಿಕ್ಕಿತ್ತು. ಆತ ಮುಂಬೈ ಗವರ್ನರ್ ಆಗಿದ್ದ, ಧಾರವಾಡಕ್ಕೂ ನಮ್ಮ ಕೆನರಾಕ್ಕೂ ಮೇಲಧಿಕಾರಿ.

ಈ ಜಗಳದ ಕಾಗದಪತ್ರ ಇಷ್ಟು ವಿವರವಾಗಿ ಉಳಿದಿರುವುದಕ್ಕೆ ಒಬ್ಬ ಪತ್ರಕರ್ತ ಕಾರಣ. ‘ಮದ್ರಾಸ್ ಟೈಮ್ಸ್’ ಸಂಪಾದಕ ವಿಲಿಯಂ ಡಿಗ್ಬಿ 1878ರಲ್ಲೇ ಎರಡು ಸಂಪುಟಗಳಲ್ಲಿ ಇದನ್ನೆಲ್ಲ ದಾಖಲಿಸಿದ. 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು, ನಂತರ ಕ್ಷಾಮ ಸಂಹಿತೆಗಳು ಬಂದವು. ಕೂತವನಿಗೆ ಒಂದು ಅಳತೆ, ದುಡಿಯುವವನಿಗೆ ಇನ್ನೊಂದು ಎಂಬುದು ನಿಯಮದ ಪುಸ್ತಕಕ್ಕೆ ಸೇರಿತು.

ಹೆಣ್ಣಾಳಿನ ಪಾಲು ಮಾತ್ರ ಕಡಿಮೆಯಾಗಿಯೇ ಉಳಿಯಿತು. ಮೈ ಚಿಕ್ಕದು, ಹಾಗಾಗಿ ಕಡಿಮೆ ಸಾಕು ಎಂಬ ತರ್ಕ. ಮೊಲೆಯುಣಿಸುವ ತಾಯಿಗೆ ಮೊದಲ ಆರು ತಿಂಗಳು, ಮಾಮೂಲಿ ಊಟದ ಮೇಲೆ ದಿನಕ್ಕೆ ಇನ್ನೂ 600 ಕಿಲೊಕ್ಯಾಲರಿ ಬೇಕು ಎನ್ನುತ್ತದೆ ಈಗಿನ ಪಟ್ಟಿ. ಧಾನ್ಯದಲ್ಲಿ ಹೇಳುವುದಾದರೆ ಸುಮಾರು 170 ಗ್ರಾಂ. ಉದ್ಯೋಗ ಖಾತ್ರಿಯ ಕೆರೆ ಕೆಲಸದಲ್ಲಿ ಇವತ್ತೂ ಟೇಪು ಹಿಡಿದು ಅಳೆಯುವುದು ತೆಗೆದ ಮಣ್ಣನ್ನು. ಬುಟ್ಟಿ ಹೊತ್ತವಳ ಕೂಸು ಗಿಡದ ನೆರಳಿನ ಜೋಳಿಗೆಯಲ್ಲಿದ್ದರೆ, ಆ 170 ಗ್ರಾಂ ಯಾವ ಕಾಲಂನಲ್ಲೂ ಬರುವುದಿಲ್ಲ.